ಶೂ ಡಬ್ಬದೊಳಗೆ ಹಾಸನದ ಬಿಸಿಲು

ರಜೆಗೆ ಊರಿಗೆ ಬಂದ ಆರ್ಕಿಟೆಕ್ಚರ್ ಹುಡುಗ ಹುಡುಗಿಯರು ಹಾಸನದ ನಮ್ಮ ಆಫೀಸಿನ ಹಿಂದಿನ ಕೋಣೆಗೆ ಬಂದು ಮಾಡೆಲ್ ಮಾಡುತ್ತಾರೆ. ಮೌಂಟ್ ಬೋರ್ಡ್ ಅನ್ನುವ ದಪ್ಪ ರಟ್ಟು, ಕಟರ್, ಫೆವಿಕಾಲ್, ಜೊತೆಗೆ ಎರಡು ದಿನದಿಂದ ನಿದ್ದೆ ಕಾಣದ ಮುಖ. ಮಾಡೆಲ್ ಮಾತ್ರ ಬೆಳ್ಳಗೆ, ಬೇಕರಿ ಕೇಕಿನ ಹಾಗಿರುತ್ತದೆ. "ಒಳಗೆ ಬೆಳಕು ಹೇಗಿರುತ್ತೆ?" ಅಂತ ಕೇಳಿದರೆ ಸುಮ್ನೆ ನಗುತ್ತಾರೆ. ಛಾವಣಿ ಅಂಟಿಸಿ ಆಗಿರುತ್ತದೆ. ಒಳಗೆ ಯಾರೂ ಇಣುಕಿರುವುದಿಲ್ಲ.

ಜ್ಯೂರಿಗೆ, ಅಂದರೆ ಕಾಲೇಜಿನಲ್ಲಿ ಕೆಲಸ ನೋಡಿ ಅಂಕ ಕೊಡುವವರ ಮುಂದೆ, ಇಡುವ ಮಾಡೆಲ್ ಬೇರೆ, ನಮಗೇ ಗೊತ್ತಾಗಲಿ ಅಂತ ಮಾಡುವ ಮಾಡೆಲ್ ಬೇರೆ. ಈ ಎರಡನೆಯದಕ್ಕೆ ಒಂದು ಮಧ್ಯಾಹ್ನ ಸಾಕು, ಖರ್ಚೂ ಇಲ್ಲ. ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ: ಬೆಳಕಿಗೆ ಸ್ಕೇಲ್ ಇಲ್ಲ. ತೊಲೆಯನ್ನು ಇಪ್ಪತ್ತು ಪಟ್ಟು ಚಿಕ್ಕದು ಮಾಡಿದರೆ ಅದು ನಿಜವಾದ ತೊಲೆಯ ಹಾಗೆ ಬಾಗುವುದಿಲ್ಲ. ಬೆಳಕು ಹಾಗಲ್ಲ. ಕಿಟಕಿಯ ಅಳತೆ, ಗೋಡೆಯ ದಪ್ಪ, ಬಣ್ಣ ಸರಿ ಇದ್ದರೆ ಡಬ್ಬದಲ್ಲಿ ಕಂಡ ಬೆಳಕೇ ಕಟ್ಟಿದ ಕೋಣೆಯಲ್ಲೂ ಕಾಣುತ್ತದೆ.

ಡಬ್ಬ ಸಿದ್ಧ ಮಾಡಿ

ಒಂದು ಶೂ ಡಬ್ಬ ತಗೊಳ್ಳಿ. ಸುಮಾರು 30 ಸೆಂ.ಮೀ. ಉದ್ದ, 20 ಅಗಲ ಇದ್ದರೆ 1:20 ಸ್ಕೇಲ್‌ನಲ್ಲಿ ಅದು 6 ಮೀಟರ್‌ಗೆ 4 ಮೀಟರ್ ಕೋಣೆ. ಒಂದು ಉದ್ದದ ಗೋಡೆಯನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಆ ಜಾಗಕ್ಕೆ ಬೇರೆ ಬೇರೆ ಕಿಟಕಿಯ ಗೋಡೆಗಳನ್ನು ಕ್ಲಿಪ್ ಹಾಕಿ ಬದಲಾಯಿಸುತ್ತಾ ಹೋಗಬಹುದು. ಪಕ್ಕದ ಗೋಡೆಯಲ್ಲಿ, ನೆಲದಿಂದ 8 ಸೆಂ.ಮೀ. ಎತ್ತರಕ್ಕೆ, ಫೋನ್ ಕ್ಯಾಮೆರಾ ಹಿಡಿಯುವಷ್ಟು ತೂತು ಮಾಡಿ. ಅದು ನಿಂತ ಮನುಷ್ಯನ ಕಣ್ಣಿನ ಎತ್ತರ.

ಆಮೇಲೆ ಡಬ್ಬ ಮುಚ್ಚಿ, ಕತ್ತಲೆ ಕೋಣೆಗೆ ತಗೊಂಡು ಹೋಗಿ, ಒಳಗೆ ಟಾರ್ಚ್ ಹಾಕಿಡಿ. ಮೂಲೆಗಳಿಂದ, ತೆಳು ರಟ್ಟಿನ ಮೂಲಕ ಬೆಳಕು ಸೋರುವುದು ಕಾಣುತ್ತದೆ. ಅಲ್ಲೆಲ್ಲ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಈ ಕೆಲಸ ಬೇಜಾರಿನದು, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಸುಳ್ಳು.

ಒಳಗೆ ಏನು ಅಂಟಿಸುತ್ತೀರಿ

ಎಲ್ಲ ಬಿಳಿ ಬೋರ್ಡ್‌ನಲ್ಲೇ ಮಾಡಿದರೆ ಮೋಸ ಹೋಗುತ್ತೀರಿ. ಬಿಳಿ ಕಾಗದ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲು ವಾಪಸ್ ಎಸೆಯುತ್ತದೆ. ನಮ್ಮ ಕಡೆಯ ಕೆಂಪು ಗಾರೆ ನೆಲ ಅದರ ಕಾಲು ಭಾಗ ಎಸೆದರೆ ಹೆಚ್ಚು. ನೆಲಕ್ಕೆ ಇಟ್ಟಿಗೆ ಕೆಂಪಿನ ಕಾಗದ ಹಾಸಿ ನೋಡಿ. ಕೋಣೆ ತಟ್ಟನೆ ಮಂಕಾಗುತ್ತದೆ, ಬಿಸಿಲು ಬಿದ್ದ ಜಾಗದ ನೇರಕ್ಕೆ ಛಾವಣಿ ತುಸು ಗುಲಾಬಿಯಾಗುತ್ತದೆ. ಅಜ್ಜಿ ಮನೆಯ ಪಡಸಾಲೆ ನೆನಪಾದರೆ ಸರಿಯಾಗಿದೆ ಅಂತ ಅರ್ಥ.

ಅಂಗಡಿಯ ಬಾಲ್ಸಾ ಅನ್ನುವ ಹಗುರ ಮರ, ಕಾರ್ಕ್ ಚೆನ್ನಾಗಿಯೇ ಇರುತ್ತವೆ. ಆದರೆ ನನ್ನ ಮೆಚ್ಚಿನದು ಅಡಿಕೆ ಹಾಳೆ. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಮಾರನೇ ದಿನ ಎರಡು ಹಲಗೆಯ ಮಧ್ಯೆ ಭಾರ ಹೇರಿ ಒಣಗಿಸಿದರೆ ಚಪ್ಪಟೆಯಾಗುತ್ತದೆ. ಉದ್ದುದ್ದ ಗೆರೆ ಇರುವುದರಿಂದ ಪಕ್ಕದಿಂದ ಬೆಳಕು ಬಿದ್ದರೆ ಮರದ ಹಲಗೆಯಂತೆ ಕಾಣುತ್ತದೆ, ನೇರ ಬಿದ್ದರೆ ಬರೀ ಕಂದು. ಒಂದೇ ವಸ್ತು, ಬೆಳಕಿನ ದಿಕ್ಕು ಮಾತ್ರ ಬೇರೆ.

ಗಾಜಿನ ಹೆಂಚು ಬೇಕಾದರೆ ಛಾವಣಿಯಲ್ಲಿ ಸಣ್ಣ ಚೌಕ ಕತ್ತರಿಸಿ, ಅಲ್ಲಿಗೆ ಎಣ್ಣೆ ಸವರಿದ ಬಿಳಿ ಕಾಗದ ಇಡಿ. ವಡೆ ಕಟ್ಟಿಕೊಟ್ಟ ಪೇಪರ್ ಹಿಡಿದು ನೋಡಿದ್ದೀರಲ್ವಾ, ಅದೇ. ಕಾಗದದ ನಾರಿನ ಮಧ್ಯೆ ಇರುವ ಗಾಳಿ ಬೆಳಕನ್ನು ಚದುರಿಸಿ ವಾಪಸ್ ಕಳಿಸುತ್ತಿರುತ್ತದೆ. ಆ ಜಾಗಕ್ಕೆ ಎಣ್ಣೆ ತುಂಬಿದರೆ ಬೆಳಕು ಒಳಗೆ ದಾಟುತ್ತದೆ. ಎಣ್ಣೆ ಕಾಗದಕ್ಕೆ ಗೋಂದು ಹಿಡಿಯುವುದಿಲ್ಲ, ಟೇಪೂ ಅಷ್ಟಕ್ಕಷ್ಟೆ. ಸುಮ್ನೆ ಮೇಲಿಡಿ.

ಗೋಂದಿನ ವಿಷಯಕ್ಕೆ ಬಂದರೆ, ಥರ್ಮೋಕೋಲ್‌ಗೆ ರಬ್ಬರ್ ಸೊಲ್ಯೂಷನ್ ಹಚ್ಚಬೇಡಿ. ಎರಡನೇ ವರ್ಷದಲ್ಲಿ, ಜ್ಯೂರಿಯ ಹಿಂದಿನ ರಾತ್ರಿ, ನಾನು ಹಚ್ಚಿದ್ದೆ. ಇಡೀ ಗುಡ್ಡ ಕರಗಿ ಕೆರೆಯಾಯಿತು.

ಜಾಲಂಧ್ರದ ದಪ್ಪ

ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಅದರ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಸಭಾಂಗಣ, ಮೊದಲು ತೆರೆದ ಮಂಟಪವಾಗಿತ್ತು. ತೂತು ತೂತಿನ ಕಲ್ಲಿನ ಜಾಲರಿಗಳು, ಅಂದರೆ ಜಾಲಂಧ್ರಗಳು, ಬಂದದ್ದು ಆಮೇಲೆ, ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಅಂದರೆ ಕಟ್ಟಿದ ಮೇಲೆ ಒಳಗಿನ ಬೆಳಕನ್ನೇ ಬದಲಾಯಿಸಿದ್ದಾರೆ. ಈಗ ಒಳಗೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬೇಕು. ಕಲ್ಲಿನಲ್ಲಿ ಬದಲಾಯಿಸುವ ಸೌಕರ್ಯ ನಮಗಿಲ್ಲ, ಮೌಂಟ್ ಬೋರ್ಡ್‌ನಲ್ಲೇ ಮುಗಿಸಬೇಕು.

5 ಮಿ.ಮೀ. ಚೌಕದ ತೂತುಗಳಿರುವ ಒಂದು ಜಾಲಿ ಕತ್ತರಿಸಿ. ಬ್ಲೇಡ್ ಹೊಸದಿರಲಿ, ಒಂದೇ ಸಲ ಒತ್ತಬೇಡಿ, ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ. ಅದನ್ನು ಕಿಟಕಿಯ ಜಾಗಕ್ಕೆ ಸಿಕ್ಕಿಸಿ ಬಿಸಿಲಿಗೆ ಹಿಡಿದರೆ ನೆಲದ ಮೇಲೆ ಚುಕ್ಕಿ ರಂಗೋಲಿ. ಎಲ್ಲರೂ ಇಲ್ಲಿಗೇ ಫೋಟೋ ತೆಗೆದು ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಅದೇ ಅಳತೆಯ ಇನ್ನೂ ಎರಡು ಮೂರು ಜಾಲಿ ಕತ್ತರಿಸಿ, ಒಂದರ ಹಿಂದೆ ಒಂದು ಅಂಟಿಸಿ, ದಪ್ಪ 5 ಮಿ.ಮೀ. ಮುಟ್ಟಿಸಿ. ದಪ್ಪವೂ ತೂತಿನ ಎತ್ತರವೂ ಸಮ ಆದರೆ 45 ಡಿಗ್ರಿಗಿಂತ ಮೇಲಿರುವ ಸೂರ್ಯನ ಬಿಸಿಲು ನೇರವಾಗಿ ಒಳಗೆ ಬರಲಾರದು. ರಂಗೋಲಿ ಮಾಯ. ಬದಲಿಗೆ ಪ್ರತಿ ತೂತಿನ ಕೆಳಗಿನ ಅಂಚು ಹಣತೆಯ ಹಾಗೆ ಬೆಳಗುತ್ತದೆ, ಆ ಬೆಳಕು ಅಲ್ಲಿಂದ ಮೇಲಕ್ಕೆ, ಛಾವಣಿಗೆ ಹೋಗುತ್ತದೆ.

ಊದುಬತ್ತಿ ಕಡ್ಡಿಯ ಸೂರ್ಯ

ಡಿಸೆಂಬರ್ ಬಿಸಿಲು ನೋಡುವುದಕ್ಕೆ ಡಿಸೆಂಬರ್‌ವರೆಗೂ ಕಾಯಬೇಕಿಲ್ಲ. ಫೋನ್ ಟಾರ್ಚ್ ಬೇಡ. ಹತ್ತಿರದ ಟಾರ್ಚಿನ ಕಿರಣ ಅಗಲಗಲವಾಗಿ ಹರಡುತ್ತದೆ, ಸೂರ್ಯನದು ಸಮಾನಾಂತರವಾಗಿ ಬರುತ್ತದೆ. ಡಬ್ಬವನ್ನು ಒಂದು ಹಲಗೆಗೆ ಅಂಟಿಸಿ, ಹಲಗೆಯ ಮೇಲೆ ಉತ್ತರ ದಿಕ್ಕು ಬರೆದುಕೊಳ್ಳಿ. ಪಕ್ಕದಲ್ಲಿ ಉರಿದು ಮುಗಿದ ಊದುಬತ್ತಿ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಹಲಗೆಯಿಂದ ಸರಿಯಾಗಿ 5 ಸೆಂ.ಮೀ. ಎತ್ತರಕ್ಕೆ.

ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ನಡುಮಧ್ಯಾಹ್ನಕ್ಕೆ ಕಡ್ಡಿಯ ಬುಡದಿಂದ ಉತ್ತರಕ್ಕೆ 3.7 ಸೆಂ.ಮೀ. ದೂರದಲ್ಲಿ ಒಂದು ಚುಕ್ಕಿ ಇಡಿ. ಜೂನ್ 21ಕ್ಕೆ ದಕ್ಷಿಣಕ್ಕೆ 0.9. ಡಿಸೆಂಬರ್ ಬೆಳಿಗ್ಗೆ ಸುಮಾರು 9:25ಕ್ಕೆ ಬೇಕೇ? ಉತ್ತರಕ್ಕೆ 4.9 ಹೋಗಿ, ಅಲ್ಲಿಂದ ಪಶ್ಚಿಮಕ್ಕೆ 6. ಈಗ ಹಲಗೆ ಎತ್ತಿಕೊಂಡು ತಾರಸಿಗೆ ಹೋಗಿ. ನೆರಳಿನ ತುದಿ ಚುಕ್ಕಿಯ ಮೇಲೆ ಕೂರುವವರೆಗೆ ಹಲಗೆಯನ್ನು ತಿರುಗಿಸಿ, ವಾಲಿಸಿ. ಯಾವ ತಿಂಗಳಾದರೂ, ಎಷ್ಟು ಗಂಟೆಯಾದರೂ ಸರಿ. ಡಬ್ಬದೊಳಗೆ ಆಗ ಡಿಸೆಂಬರ್.

ಅಂದಹಾಗೆ, ಇಲ್ಲಿ ನಡುಮಧ್ಯಾಹ್ನ ಅಂದರೆ 12 ಗಂಟೆ ಅಲ್ಲ, ಸುಮಾರು 12:25. ಜೂನ್ ಚುಕ್ಕಿ ದಕ್ಷಿಣಕ್ಕೆ ಯಾಕೆ ಬಂತು ಅಂತ ಹುಡುಗರು ಯಾವಾಗಲೂ ಕೇಳುತ್ತಾರೆ. ಏಪ್ರಿಲ್ 24ರ ಆಸುಪಾಸಿನಿಂದ ಆಗಸ್ಟ್ 18ರ ಆಸುಪಾಸಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ಇರುವುದೇ ಉತ್ತರಕ್ಕೆ. ಉತ್ತರದ ಕಿಟಕಿಗೆ ಬಿಸಿಲೇ ಬೀಳುವುದಿಲ್ಲ ಅನ್ನುವ ಪುಸ್ತಕದ ಮಾತು ಬೇರೆ ದೇಶದ್ದು. ಮೇ ತಿಂಗಳ ಬಿಸಿಲಲ್ಲಿ ಉತ್ತರಕ್ಕೆ ಮುಖ ಮಾಡಿ ಕೂತು ನೋಡಿ.

ಫೋಟೋ ತೆಗೆಯುವಾಗ ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ. ಇಲ್ಲದಿದ್ದರೆ ಫೋನು ಕತ್ತಲೆ ಕೋಣೆಯನ್ನೂ ಬೆಳಗಿಸಿ ತೋರಿಸುತ್ತದೆ, ಎರಡು ಕಿಟಕಿಗಳ ವ್ಯತ್ಯಾಸ ತಿಳಿಯುವುದಿಲ್ಲ.

ಸಕಲೇಶಪುರ, ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ಬಿಸಿಲಿಲ್ಲ ಅಂತ ಗೊಣಗಬೇಡಿ. ಮೋಡ ಕವಿದ ದಿನ ಬೇರೊಂದು ಲೆಕ್ಕಕ್ಕೆ ಸರಿ. ಫೋನಿನಲ್ಲಿ ಲಕ್ಸ್, ಅಂದರೆ ಬೀಳುವ ಬೆಳಕಿನ ಪ್ರಮಾಣ, ಅಳೆಯುವ ಆಪ್ ಹಾಕಿಕೊಳ್ಳಿ. ಬಯಲಲ್ಲಿ ಒಂದು ಸಲ, ಡಬ್ಬದೊಳಗೆ ಒಂದು ಸಲ, ಅದೇ ಫೋನಿನಲ್ಲಿ ಅಳೆಯಿರಿ. ಹೊರಗೆ 10,000, ಒಳಗೆ 200 ಬಂದರೆ ಶೇ 2. ಅದಕ್ಕಿಂತ ಕಡಿಮೆ ಆದರೆ ಹಗಲಲ್ಲೂ ದೀಪ ಬೇಕಾಗುತ್ತದೆ. ಶೇ 5 ಬಂದರೆ ಕೋಣೆ ಬೆಳಕಾಗಿದೆ ಅನ್ನಬಹುದು. ಒಂದು ನೆನಪಿಡಿ: 1:20ರಲ್ಲಿ ಫೋನು ಮೂರು ಮೀಟರ್ ಉದ್ದದ ಕಪ್ಪು ಮೇಜು. ಕಿಟಕಿಗೆ ಅಡ್ಡ ಇಡಬೇಡಿ.