ತೋಳ ಹೋಯ್ತು, ಕರಡಿ ಬಂತು

ಬಳ್ಳಾರಿಯಲ್ಲಿ ನಾವೊಂದಿಷ್ಟು ಗೆಳೆಯರು ದಾಳ ಉರುಳಿಸಿ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 5ನೇ ಆವೃತ್ತಿ ಆಡುತ್ತೇವೆ. ನನ್ನದು ಕತ್ತಿ ಹಿಡಿದು ಮುಂದೆ ನುಗ್ಗುವ ರೇಂಜರ್, ಅಂದರೆ ಕಾಡು ಬಲ್ಲ ಯೋಧನ ಪಾತ್ರ. ಜೊತೆಗೆ ಕರಡಿ ಬೇಕಿತ್ತು. ದರೋಜಿ ಕರಡಿಧಾಮದ ಪಕ್ಕದವರು ಇನ್ನೇನು ಕೇಳ್ತಾರೆ? ಆದರೆ 2014ರ ನಿಯಮದಲ್ಲಿ ಕರಡಿ ಸಿಗಲ್ಲ, ತೋಳಕ್ಕೇ ತೃಪ್ತಿ. ಅದಕ್ಕೆ ‘ಕಚ್ಚು’ ಅಂದರೆ ನನ್ನ ಆ್ಯಕ್ಷನ್ನೇ, ಅಂದರೆ ಆ ಸರದಿಯ ಮುಖ್ಯ ಕೆಲಸವೇ, ಖರ್ಚು. ಶುರುವಿನ ಹಂತಗಳಲ್ಲಿ ಒಬ್ಬರು ಹೊಡೆದರೆ ಇನ್ನೊಬ್ಬರು ಸುಮ್ನೆ ನಿಲ್ಲಬೇಕು.

ಜೊತೆಗಾರ ಪ್ರಾಣಿಗೆ 2020ರಲ್ಲಿ ಬಂದ ಐಚ್ಛಿಕ ನಿಯಮಕ್ಕೆ ಡಿಎಂ (ಆಟ ನಡೆಸುವವರು) ಒಪ್ಪಿದರು. ನೆಲದ ಪ್ರಾಣಿ ಆರಿಸಿಕೊಂಡೆ, ರೂಪ ನಮ್ಮಿಷ್ಟ, ಹಾಗಾಗಿ ಕರಡಿ ಮಾಡಿದೆ. ಈಗ ಅಪ್ಪಣೆಗೆ ಬೋನಸ್ ಆ್ಯಕ್ಷನ್, ಅಂದರೆ ಸರದಿಯಲ್ಲಿ ಸಿಗುವ ಹೆಚ್ಚುವರಿ ಚಿಕ್ಕ ಕೆಲಸ, ಸಾಕು. ಎರಡನೇ ಕತ್ತಿಯಿಂದ ಹೊಡೆಯೋಕೂ ಬೋನಸ್ ಆ್ಯಕ್ಷನ್ನೇ ಬೇಕು, ಹಾಗಾಗಿ ಆ ಕತ್ತಿ ಬಿಟ್ಟು ಗುರಾಣಿ ಹಿಡಿದೆ, ಒಂದೇ ಕತ್ತಿಯವರ ಡ್ಯೂಯೆಲಿಂಗ್ ಶೈಲಿ ತಗೊಂಡೆ. ಪ್ರತಿ ಏಟಿನ ಪೆಟ್ಟಿಗೆ 2 ಜಾಸ್ತಿ.

ನಿಜವಾದ ಮಜಾ ಇರೋದು ಸರದಿಯಲ್ಲಿ. ಮೊದಲು ಕರಡಿ. ಅದು 20 ಅಡಿ ನೇರವಾಗಿ ಓಡಿ ಹೊಡೆದರೆ 1ಡಿ6 (ಆರು ಮುಖದ ಒಂದು ದಾಳದಷ್ಟು) ಹೆಚ್ಚು ಪೆಟ್ಟು. ಶತ್ರು ಸ್ಟ್ರೆಂಗ್ತ್ ಸೇವ್‌ನಲ್ಲಿ, ಅಂದರೆ ಬಲದಿಂದ ತಪ್ಪಿಸಿಕೊಳ್ಳುವ ದಾಳದಲ್ಲಿ, ಸೋತರೆ ನೆಲಕ್ಕೆ. ಬಿದ್ದವನ ಪಕ್ಕ ನಿಂತು ಹೊಡೆಯೋಕೆ ನನಗೆ ಅಡ್ವಾಂಟೇಜ್, ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ತಗೊಳ್ಳೋದು. ಓಡೋಕೆ ಜಾಗ ಬೇಕಲ್ವಾ, ಅದಕ್ಕೇ ಕರಡಿಯನ್ನು ಹಿಂದೆ ನಿಲ್ಲಿಸುತ್ತೇನೆ. ಕಿರಿದಾದ ಗುಹೆಯಲ್ಲಿ ಇದು ನಡೆಯಲ್ಲ.

ಪಾತ್ರದ ವಿಸ್ಡಮ್ (ವಿವೇಕದ ಅಂಕ) ಕಡೆಗಣಿಸಬೇಡಿ. ಕರಡಿಯ ಗುರಿ, ಆ ಸೇವ್‌ನ ಕಷ್ಟ, ಎರಡೂ ಅದರ ಮೇಲೇ.