ಟೆಡ್ ವಿಲಿಯಮ್ಸ್ ಆಡದ ಮೂರು ಸೀಸನ್‌ಗಳು: ಬೇಸ್‌ಬಾಲ್ ಆಟದ ಕಡತಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ತಿದ್ದುವ ಕ್ರಮ

ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್‌ನಂತಹ ಕಂಪ್ಯೂಟರ್ ಸಿಮ್ಯುಲೇಶನ್ ಆಟಗಳು ಐತಿಹಾಸಿಕ ಲೀಗ್‌ಗಳನ್ನು ಕಟ್ಟಲು ಬಹುಕಾಲ ನೆಚ್ಚಿಕೊಂಡಿದ್ದು ಪತ್ರಕರ್ತ ಷಾನ್ ಲಾಮನ್ ಅವರ ದತ್ತಸಂಚಯವನ್ನು. 1871ರಿಂದ ಈಚೆಗಿನ ಪ್ರತಿ ಆಟಗಾರನ ಪ್ರತಿ ಸೀಸನ್ನಿನ ಅಂಕಿಗಳು ಅದರಲ್ಲಿ ಸಿಎಸ್‌ವಿ ಕಡತಗಳಾಗಿ, ಅಂದರೆ ಅಲ್ಪವಿರಾಮದಿಂದ ಬೇರ್ಪಟ್ಟ ಸರಳ ಪಠ್ಯವಾಗಿ, ಇರುತ್ತವೆ. ಸರಳ ಪಠ್ಯವಾದ್ದರಿಂದ ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು ತಿದ್ದಬಹುದು. ತಿದ್ದುವುದು ಕಷ್ಟವಲ್ಲ, ನಾವು ಮುಟ್ಟದ ಸಾಲುಗಳನ್ನು ಸ್ಪ್ರೆಡ್‌ಶೀಟ್ ತಾನಾಗಿಯೇ ತಿದ್ದಿಬಿಡದಂತೆ ತಡೆಯುವುದೇ ಕಷ್ಟ. ಈ ಬರಹದ ಹೆಚ್ಚಿನ ಭಾಗ ಆ ತಡೆಯ ಕುರಿತಾಗಿಯೇ ಇದೆ.

ಉದಾಹರಣೆಗೆ ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್ ಅವರನ್ನು ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧದ ಸೇನಾಸೇವೆಯಿಂದಾಗಿ 1943, 1944 ಮತ್ತು 1945ರಲ್ಲಿ ಅವರು ಆಡಲಿಲ್ಲ. ಹಾಗಾಗಿ ಬ್ಯಾಟಿಂಗ್ ಕಡತದಲ್ಲಿ ಅವರ ಹೆಸರಿನಲ್ಲಿ ಆ ಮೂರು ವರ್ಷಗಳ ಸಾಲುಗಳಿಲ್ಲ. ಯುದ್ಧ ನಡೆಯದಿದ್ದರೆ ಏನಾಗುತ್ತಿತ್ತು ಎಂದು ಆಡಿ ನೋಡಬೇಕಾದರೆ ಆ ಮೂರು ಸಾಲುಗಳನ್ನು ನಾವೇ ಬರೆದು ಸೇರಿಸಬೇಕು.

ಮೊದಲು ಮೂಲ ಕಡತಗಳ ಒಂದು ಪ್ರತಿಯನ್ನು ಬೇರೆ ಫೋಲ್ಡರ್‌ನಲ್ಲಿಟ್ಟು, ಅದನ್ನು ಓದಲು ಮಾತ್ರ ಬರುವಂತೆ ಮಾಡಿಕೊಳ್ಳಿ. ನಂತರ ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತೆರೆಯುವ ಅಭ್ಯಾಸವನ್ನು ಬಿಡಿ. ಹಾಗೆ ತೆರೆದಾಗ ಎಕ್ಸೆಲ್ ಪ್ರತಿ ಕೋಶದಲ್ಲಿರುವುದು ಸಂಖ್ಯೆಯೋ ದಿನಾಂಕವೋ ಎಂದು ತಾನೇ ಊಹಿಸಿಕೊಳ್ಳುತ್ತದೆ. ಆಟಗಾರರ ವಿವರಗಳಿರುವ ಪೀಪಲ್ ಕಡತದಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ವಿಲಿಯಮ್ಸ್ ಅವರ ಮೊದಲ ಪಂದ್ಯದ ದಿನ ಅಲ್ಲಿ 1939-04-20 ಎಂದಿದೆ. ಭಾರತದ ದಿನಾಂಕ ಕ್ರಮವಿರುವ ಕಂಪ್ಯೂಟರಿನಲ್ಲಿ ಅದು 20-04-1939 ಆಗುತ್ತದೆ, ಸೇವ್ ಮಾಡಿದಾಗ ಕಡತಕ್ಕೂ ಹಾಗೆಯೇ ಇಳಿಯುತ್ತದೆ. ಆದರೆ ಎಕ್ಸೆಲ್‌ನ ಕಾಲಗಣನೆ 1900ರ ಜನವರಿ 1ರಿಂದ ಆರಂಭವಾಗುವುದರಿಂದ 1871-05-04ರಂತಹ ಹತ್ತೊಂಬತ್ತನೆಯ ಶತಮಾನದ ದಿನಾಂಕಗಳು ಪಠ್ಯವಾಗಿಯೇ ಉಳಿದು ಪಾರಾಗುತ್ತವೆ. ಹೀಗೆ ಒಂದೇ ಅಂಕಣದಲ್ಲಿ ಎರಡು ಬಗೆಯ ದಿನಾಂಕಗಳು ಸೇರಿಕೊಂಡು, ಹಳೆಯ ಸಾಲುಗಳನ್ನಷ್ಟೇ ನೋಡಿದವರಿಗೆ ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ.

ಆದ್ದರಿಂದ ಎಕ್ಸೆಲ್‌ನಲ್ಲಿ ಖಾಲಿ ಹಾಳೆಯೊಂದನ್ನು ತೆರೆದು, ಡೇಟಾ ಮೆನುವಿನಿಂದ ಕಡತವನ್ನು ಆಮದು ಮಾಡಿಕೊಂಡು, ಆಟಗಾರರ ಗುರುತು ಸಂಕೇತ ಮತ್ತು ದಿನಾಂಕದ ಅಂಕಣಗಳನ್ನು ಪಠ್ಯವೆಂದು ನಮೂದಿಸಿ. ಕ್ಯಾಲ್ಕ್‌ನಲ್ಲಿ ಸಿಎಸ್‌ವಿ ತೆರೆಯುವ ಮುನ್ನವೇ ಒಂದು ಕಿಟಕಿ ಬಂದು ಅಂಕಣಗಳ ಬಗೆಯನ್ನೂ ಅಕ್ಷರ ಸಂಕೇತವನ್ನೂ ಕೇಳುತ್ತದೆ. ಈ ಒಂದು ಕಾರಣಕ್ಕೆ ಇಂತಹ ಕೆಲಸಕ್ಕೆ ಕ್ಯಾಲ್ಕ್ ಮೇಲು ಎಂದು ನನ್ನ ಅಭಿಪ್ರಾಯ. ಅಕ್ಷರ ಸಂಕೇತ ಯುಟಿಎಫ್-8 ಎಂದಿರಲಿ. ಇಲ್ಲವಾದರೆ ಲ್ಯಾಟಿನ್ ಅಮೆರಿಕದ ಆಟಗಾರರ ಹೆಸರುಗಳಲ್ಲಿ ಸ್ವರದ ಮೇಲೆ ಗುರುತಿರುವ ಅಕ್ಷರಗಳಿದ್ದರೆ ಅವು ಕೆಟ್ಟುಹೋಗಬಹುದು.

ಇನ್ನು ಸಾಲು ಬರೆಯುವ ಕೆಲಸ. ಪ್ರತಿ ಆಟಗಾರನಿಗೂ ಒಂದು ಗುರುತು ಸಂಕೇತವಿದ್ದು, ಅದರಲ್ಲಿ ಕುಲನಾಮದ ಮೊದಲ ಐದು ಅಕ್ಷರಗಳು, ಹೆಸರಿನ ಮೊದಲ ಎರಡು ಅಕ್ಷರಗಳು ಮತ್ತು ಎರಡು ಅಂಕಿಗಳು ಇರುತ್ತವೆ. ಎಲ್ಲ ಕಡತಗಳನ್ನೂ ಒಂದಕ್ಕೊಂದು ಜೋಡಿಸುವುದು ಈ ಸಂಕೇತವೇ ಆದ್ದರಿಂದ ಅದನ್ನು ಟೈಪ್ ಮಾಡದೆ ವಿಲಿಯಮ್ಸ್ ಅವರ 1942ರ ಸಾಲಿನಿಂದ ನಕಲು ಮಾಡಿ. ಅದರ ಪಕ್ಕದಲ್ಲಿ ವರ್ಷವೂ, ಸ್ಟಿಂಟ್ ಎಂಬ ಅಂಕಣವೂ ಇವೆ. ಸೀಸನ್ನಿನ ನಡುವೆ ತಂಡ ಬದಲಿಸಿದವರಿಗೆ ಒಂದೇ ವರ್ಷದಲ್ಲಿ ಸ್ಟಿಂಟ್ 1 ಮತ್ತು 2 ಎಂದು ಎರಡು ಸಾಲುಗಳಿರುತ್ತವೆ. ವಿಲಿಯಮ್ಸ್ ಅವರಿಗೆ 1 ಸಾಕು. ಸಂಕೇತ, ವರ್ಷ, ಸ್ಟಿಂಟ್ ಈ ಮೂರೂ ಸೇರಿ ಎರಡು ಸಾಲುಗಳಲ್ಲಿ ಒಂದೇ ಆಗಿ ಬರಕೂಡದು. ಇದನ್ನು ಪರೀಕ್ಷಿಸಲು, ಎಷ್ಟು ಬಾರಿ ಬಂದಿದೆ ಎಂದು ಎಣಿಸುವ ಕೌಂಟ್‌ಇಫ್ಸ್ ಸೂತ್ರವನ್ನು ಬಳಸಿದರೆ ಲಕ್ಷಕ್ಕೂ ಮೀರಿದ ಸಾಲುಗಳ ಕಡತದಲ್ಲಿ ಕಂಪ್ಯೂಟರ್ ಬಹಳ ಹೊತ್ತು ತಿಣುಕುತ್ತದೆ. ಕಡತದ ಇನ್ನೊಂದು ಪ್ರತಿಯಲ್ಲಿ ಈ ಮೂರು ಅಂಕಣಗಳ ಕ್ರಮದಲ್ಲಿ ಇಡೀ ಹಾಳೆಯನ್ನು ಸಾರ್ಟ್ ಮಾಡಿ, ಪ್ರತಿ ಸಾಲನ್ನೂ ಅದರ ಮೇಲಿನ ಸಾಲಿನೊಡನೆ ಹೋಲಿಸುವ ಸೂತ್ರವೊಂದನ್ನು ಹಾಕಿದರೆ ಕ್ಷಣದಲ್ಲಿ ಮುಗಿಯುತ್ತದೆ. ಒಂದೇ ಅಂಕಣವನ್ನು ಆಯ್ದು ಸಾರ್ಟ್ ಮಾಡಿದರೆ ಒಬ್ಬರ ಅಂಕಿಗಳು ಇನ್ನೊಬ್ಬರ ಪಾಲಾಗುತ್ತವೆ ಎಂಬುದು ನೆನಪಿರಲಿ.

ಅಂಕಿಗಳಿಗೆ ಸುಲಭದ ಆಧಾರವೆಂದರೆ 1942 ಮತ್ತು 1946ರ ಸರಾಸರಿ. ಅಟ್-ಬ್ಯಾಟ್ ಎಂದರೆ ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ, ಹಿಟ್ ಎಂದರೆ ಚೆಂಡು ಹೊಡೆದು ಬೇಸ್ ತಲುಪುವುದು; ಹಾಗೆ ಮೊದಲ, ಎರಡನೆಯ, ಮೂರನೆಯ ಬೇಸ್ ತಲುಪಿದರೆ ಕ್ರಮವಾಗಿ ಸಿಂಗಲ್, ಡಬಲ್, ಟ್ರಿಪಲ್, ಎಲ್ಲ ಬೇಸ್‌ಗಳನ್ನೂ ಸುತ್ತಿ ಬಂದರೆ ಹೋಮ್ ರನ್. 1942ರಲ್ಲಿ ಅವರದು 522 ಅಟ್-ಬ್ಯಾಟ್, 186 ಹಿಟ್, 34 ಡಬಲ್, 5 ಟ್ರಿಪಲ್, 36 ಹೋಮ್ ರನ್. 1946ರಲ್ಲಿ 514, 176, 37, 8, 38. ಸರಾಸರಿ ತೆಗೆದರೆ 518 ಅಟ್-ಬ್ಯಾಟ್, 181 ಹಿಟ್, 37 ಹೋಮ್ ರನ್ ಬರುತ್ತವೆ. ಆದರೆ ಡಬಲ್ 35.5, ಟ್ರಿಪಲ್ 6.5 ಆಗುತ್ತವೆ, ಈ ಅಂಕಣಗಳಲ್ಲಿ ಪೂರ್ಣಾಂಕವಷ್ಟೇ ಇರಬೇಕು. ರೌಂಡ್ ಸೂತ್ರ ಹಾಕಿದರೆ 36 ಮತ್ತು 7 ದೊರೆಯುತ್ತವೆ, ಆಗ 102 ಇರಬೇಕಾದ ಸಿಂಗಲ್‌ಗಳು 101ಕ್ಕೆ ಇಳಿಯುತ್ತವೆ. ಸಿಂಗಲ್‌ಗೆ ಪ್ರತ್ಯೇಕ ಅಂಕಣವಿಲ್ಲದ ಕಾರಣ ಆಟವು ಅದನ್ನು ಹಿಟ್‌ಗಳಿಂದ ಕಳೆದೇ ಪಡೆಯಬೇಕು. ಒಂದು ಸಿಂಗಲ್ ದೊಡ್ಡ ಮಾತಲ್ಲ. ಆದರೆ ಡಬಲ್, ಟ್ರಿಪಲ್, ಹೋಮ್ ರನ್‌ಗಳ ಮೊತ್ತ ಹಿಟ್‌ಗಳನ್ನು ಮೀರದಂತೆಯೂ ಹಿಟ್‌ಗಳು ಅಟ್-ಬ್ಯಾಟ್‌ಗಳನ್ನು ಮೀರದಂತೆಯೂ ಪ್ರತಿ ಹೊಸ ಸಾಲಿನಲ್ಲಿ ನೋಡಿಕೊಳ್ಳಬೇಕು. ಲೆಕ್ಕ ಮುಗಿದ ಮೇಲೆ ಸೂತ್ರಗಳನ್ನು ಮೌಲ್ಯಗಳಾಗಿ ಅಂಟಿಸಿ, ಪರೀಕ್ಷೆಗೆ ಹಾಕಿಕೊಂಡ ಹೆಚ್ಚುವರಿ ಅಂಕಣಗಳನ್ನು ಅಳಿಸಿಹಾಕಿ.

ಸರಾಸರಿಯನ್ನು ಹಾಗೆಯೇ ಬಿಡಬೇಕೇ ಎಂಬುದು ಬೇರೆ ಪ್ರಶ್ನೆ. ವಿಲಿಯಮ್ಸ್ ಆಡುತ್ತಿದ್ದ ಅಮೆರಿಕನ್ ಲೀಗ್‌ನಲ್ಲಿ 1944ರ ಅತಿ ಹೆಚ್ಚು ಹೋಮ್ ರನ್ ನಿಕ್ ಎಟನ್ ಅವರ 22. ಅತ್ಯುತ್ತಮ ಬ್ಯಾಟಿಂಗ್ ಸರಾಸರಿ, ಅಂದರೆ ಹಿಟ್‌ಗಳನ್ನು ಅಟ್-ಬ್ಯಾಟ್‌ಗಳಿಂದ ಭಾಗಿಸಿದಾಗ ಬರುವ ಅಂಕಿ, ಲೂ ಬೂಡ್ರೋ ಅವರ .327. ಆಟವು ಸಾಮರ್ಥ್ಯವನ್ನು ಆಯಾ ವರ್ಷದ ಲೀಗ್‌ಗೆ ಹೋಲಿಸಿ ಅಳೆಯುವುದಾದರೆ ಅಂತಹ ವರ್ಷದಲ್ಲಿ 37 ಹೋಮ್ ರನ್ ಹೊಡೆದವನು ಮನುಷ್ಯಮಾತ್ರನಾಗಿ ಉಳಿಯುವುದಿಲ್ಲ. ನಾನಾದರೆ 1944ಕ್ಕೆ ಹೋಮ್ ರನ್ ಅನ್ನು 30ಕ್ಕೆ ಇಳಿಸಿ, ಹಿಟ್‌ಗಳಿಂದಲೂ ಅದೇ ಏಳನ್ನು ಕಳೆಯುತ್ತೇನೆ. ಆಗ 518ಕ್ಕೆ 174 ಹಿಟ್, ಅಂದರೆ .336, ಬೂಡ್ರೋ ಅವರಿಗಿಂತ ಮುಂದೆ, ಆದರೂ ನಂಬುವಂಥದ್ದು.

ಖಾಲಿ ಕೋಶಗಳನ್ನು ಖಾಲಿಯಾಗಿಯೇ ಬಿಡಿ. ಸ್ಯಾಕ್ರಿಫೈಸ್ ಫ್ಲೈ (ತಾನು ಔಟಾಗಿಯೂ ಜೊತೆಯವರಿಗೆ ರನ್ ತಂದುಕೊಡುವ ಎತ್ತರದ ಹೊಡೆತ) ಪ್ರತ್ಯೇಕ ಅಂಕಿಯಾಗಿ ದಾಖಲಾಗತೊಡಗಿದ್ದು 1954ರಿಂದ, ಉದ್ದೇಶಪೂರ್ವಕ ವಾಕ್ (ಎದುರಾಳಿ ಬೇಕೆಂದೇ ಬ್ಯಾಟರ್‌ಗೆ ಬಿಟ್ಟುಕೊಡುವ ಮೊದಲ ಬೇಸ್) 1955ರಿಂದ. ಅಲ್ಲಿ ಸೊನ್ನೆ ತುಂಬಿದರೆ ದಾಖಲೆಯಿಲ್ಲ ಎಂಬುದು ಒಮ್ಮೆಯೂ ಆಗಿಲ್ಲ ಎಂಬ ಅರ್ಥಕ್ಕೆ ತಿರುಗುತ್ತದೆ. ಬ್ಯಾಟಿಂಗ್ ಸಾಲುಗಳಿಗೆ ಹೊಂದುವ ಸಾಲುಗಳು ಫೀಲ್ಡಿಂಗ್ ಮತ್ತು ಅಪಿಯರೆನ್ಸಸ್ ಕಡತಗಳಲ್ಲೂ ಬೇಕು; ಇಲ್ಲವಾದರೆ ಆ ವರ್ಷಗಳಲ್ಲಿ ವಿಲಿಯಮ್ಸ್ ಎಲ್ಲಿ ನಿಂತು ಆಡಿದರೆಂಬುದು ಆಟಕ್ಕೆ ತಿಳಿಯದು.

ಪಿಚರ್‌ಗಳನ್ನು, ಅಂದರೆ ಚೆಂಡೆಸೆಯುವವರನ್ನು, ಸೇರಿಸುವವರಿಗೆ ಇನ್ನೊಂದು ಎಚ್ಚರಿಕೆ. ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿದ್ದ ಪಿಚರ್ ಬಾಬ್ ಫೆಲರ್ 1941ರಲ್ಲಿ 343 ಇನ್ನಿಂಗ್ಸ್, 1946ರಲ್ಲಿ 371.1 ಇನ್ನಿಂಗ್ಸ್ ಎಸೆದರು. ಕ್ರಿಕೆಟ್‌ನಲ್ಲಿ 6.4 ಓವರ್ ಎಂದರೆ ಆರು ಓವರ್ ನಾಲ್ಕು ಎಸೆತ ಆಗುವಂತೆ ಇಲ್ಲಿನ .1 ಎಂದರೆ ಒಂದು ಔಟ್, ಹತ್ತನೆಯ ಒಂದು ಭಾಗವಲ್ಲ; ಮೂರು ಔಟ್‌ಗೆ ಒಂದು ಇನ್ನಿಂಗ್ಸ್. ಪಿಚಿಂಗ್ ಕಡತ ಇದಕ್ಕಾಗಿಯೇ ಇನ್ನಿಂಗ್ಸ್ ಬದಲು ಔಟ್‌ಗಳನ್ನು ಇಟ್ಟುಕೊಂಡಿದೆ: 1941ಕ್ಕೆ 1029, 1946ಕ್ಕೆ 1114. ಸರಾಸರಿಯನ್ನು ಈ ಅಂಕಿಗಳಿಂದಲೇ ತೆಗೆಯಿರಿ.

ಸೇವ್ ಮಾಡುವಾಗ ಸಿಎಸ್‌ವಿ ಯುಟಿಎಫ್-8 ಆಯ್ಕೆಮಾಡಿ. ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ರೂಪದಲ್ಲಿ ಒಮ್ಮೆ ಉಳಿಸಿದರೂ 65,536 ಸಾಲುಗಳಾಚೆಗಿನದೆಲ್ಲ ಕತ್ತರಿಸಿಹೋಗುತ್ತದೆ. ಆಮೇಲೆ ಮೂಲ ಕಡತವನ್ನೂ ಹೊಸದನ್ನೂ ಕಡತಗಳ ವ್ಯತ್ಯಾಸ ತೋರಿಸುವ ಯಾವುದಾದರೂ ಉಪಕರಣದಲ್ಲಿ ಹೋಲಿಸಿ ನೋಡಿ. ಬ್ಯಾಟಿಂಗ್ ಕಡತದಲ್ಲಿ ಮೂರು ಹೊಸ ಸಾಲುಗಳಷ್ಟೇ ಕಾಣಬೇಕು. ಮೊದಲ ಸಾಲಿನಲ್ಲೂ ವ್ಯತ್ಯಾಸ ತೋರಿದರೆ, ಎಕ್ಸೆಲ್ ಕಡತದ ಆರಂಭದಲ್ಲಿ ಸೇರಿಸುವ ಕಣ್ಣಿಗೆ ಕಾಣದ ಗುರುತು ಅದಕ್ಕೆ ಕಾರಣವಿರಬಹುದು; ಕೆಲವು ತಂತ್ರಾಂಶಗಳು ಅದರಿಂದಾಗಿ ಮೊದಲ ಅಂಕಣದ ಹೆಸರನ್ನೇ ಗುರುತಿಸುವುದಿಲ್ಲ. ಪಠ್ಯ ಸಂಪಾದಕದಲ್ಲಿ ಆ ಗುರುತಿಲ್ಲದೆ ಮತ್ತೆ ಉಳಿಸಿದರೆ ಸರಿಹೋಗುತ್ತದೆ. ಬೇರೆ ಸಾಲುಗಳೂ ಬದಲಾಗಿದ್ದರೆ ಅವನ್ನು ಒಂದೊಂದಾಗಿ ಸರಿಪಡಿಸುತ್ತ ಕೂರಬೇಡಿ. ನೀವು ಬರೆದ ಮೂರು ಸಾಲುಗಳನ್ನು ಮೂಲ ಕಡತದ ಹೊಸ ಪ್ರತಿಯೊಂದಕ್ಕೆ ಪಠ್ಯ ಸಂಪಾದಕದಲ್ಲಿಯೇ ಅಂಟಿಸಿ. ಈಗಾಗಲೇ ಆಡುತ್ತಿರುವ ಲೀಗ್‌ನಲ್ಲಿ ಬದಲಾವಣೆ ಕಾಣದಿರಬಹುದಾದ್ದರಿಂದ 1942ರಿಂದ ಹೊಸ ಲೀಗ್ ತೆರೆದು, ಸಾಮರ್ಥ್ಯಾಂಕಗಳನ್ನು ವರ್ಷವರ್ಷವೂ ಅಂಕಿ-ಅಂಶಗಳಿಂದ ಮರುಲೆಕ್ಕ ಹಾಕುವ ಆಯ್ಕೆಯನ್ನು ಇಟ್ಟುಕೊಂಡು ಆಟ ಆರಂಭಿಸಿ.