ಸೋಲಿಗರ ಕಾಡಿನ ಕೆಲಸ ಬರೆದಿಟ್ಟದ್ದು: ನನ್ನ ಅನುಭವ

ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ಪೋಡುಗಳಲ್ಲಿ, ಅಂದರೆ ಅವರ ಹಾಡಿಗಳಲ್ಲಿ, ಗ್ರಾಮಸಭೆಗಳ ಜೊತೆ ದಾಖಲಾತಿ ಕೆಲಸ ಮಾಡುತ್ತೇನೆ. ಅವರು ಕಾಡನ್ನು ಹೇಗೆ ನೋಡಿಕೊಂಡು ಬಂದರು ಅನ್ನೋದನ್ನು ಬರೆದಿಡುವ ಕೆಲಸ.

"ಕಾಡನ್ನು ಹೇಗೆ ಕಾಪಾಡ್ತೀರಿ?" ಅಂತ ನಾನು ಕೇಳುವುದಿಲ್ಲ. ಕೇಳಿದರೆ "ಕಾಡೇ ನಮ್ಮ ದೇವರು" ಅಂತಾರೆ. ಸುಳ್ಳಲ್ಲ, ಆದರೆ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಕೆಲಸದ ಬಗ್ಗೆ ಕೇಳಬೇಕು. ನೆಲ್ಲಿಗೆ ಯಾವಾಗ ಹೋಗ್ತೀರಿ? ಮರದಲ್ಲಿ ಎಷ್ಟು ಬಿಡ್ತೀರಿ? ಯಾರಿಗೆ? ಆಗ ಮಾತು ಶುರುವಾಗುತ್ತದೆ. ಕಡವೆ, ಜಿಂಕೆಗೆ ಅಂತ ಒಂದಿಷ್ಟು ಕಾಯಿ ಉಳಿಸುತ್ತಾರೆ. ಉಪ್ಪಿಲು ಹಿಡಿದ ಕೊಂಬೆಯನ್ನು ಕಡಿದು ಹಾಕುತ್ತಾರೆ. ಉಪ್ಪಿಲು ಅಂದರೆ ಮರದ ಮೇಲೇ ಬೆಳೆದು ಅದರ ಸಾರ ಹೀರುವ ಗಿಡ. ಗೆಣಸು ಅಗೆದ ಮೇಲೆ ಬಳ್ಳಿಯ ಬುಡವನ್ನು ಮತ್ತೆ ಮಣ್ಣಿಗೆ ಹಾಕುತ್ತಾರೆ. ಹೆಜ್ಜೇನು ಕೊಯ್ದಾಗ ಒಂದು ಚೂರು ನೆಲದ ಮೇಲೆ ಬಿಡುವುದೂ ಉಂಟು. ಯಾಕೆ ತಾತ ಅಂದೆ. "ಹುಲಿ ಮರ ಹತ್ತಿ ಕಿತ್ಕೊಳ್ಳಕ್ಕಾಗುತ್ತಾ ಮಗ? ಅದಕ್ಕೂ ಪಾಲು ಬೇಡ್ವಾ?"

ಸಭೆ ಕರೆದು ಕೂರಿಸಿದರೆ ಇದೆಲ್ಲ ಬರುವುದಿಲ್ಲ. ಜೊತೆಗೆ ನಡೆಯಬೇಕು. ಪ್ರತಿ ಕುಲಕ್ಕೂ ತನ್ನ ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ವೀರು ಒಂದು ದೈವ, ಕಲ್ಲುಗುಡಿ ಸಮಾಧಿಯ ಜಾಗ, ಅಬ್ಬಿ ನೀರಿನ ಜಾಗ. ಹಿರಿಯರು ನಿಂತಲ್ಲಿ ಜಿಪಿಎಸ್ ಗುರುತು ಹಾಕಿ, ಅಲ್ಲೇ ಕಥೆ ರೆಕಾರ್ಡ್ ಮಾಡುತ್ತೇನೆ. ಹೆಂಗಸರ ಜೊತೆ ಬೇರೆಯಾಗಿ ಹೋಗುವುದು ಒಳ್ಳೆಯದು. ಸೊಪ್ಪು, ಗೆಣಸಿನ ವಿಷಯದಲ್ಲಿ ಗಂಡಸರು ಸುಮ್ನೆ ಊಹೆ ಹೇಳುವುದೇ ಜಾಸ್ತಿ! ಜೇನುಬಂಡೆಗಳನ್ನು ಮಾತ್ರ ನಕ್ಷೆಯಲ್ಲಿ ಹಾಕುವುದಿಲ್ಲ. ಹೊರಗಿನವರ ಕೈಗೆ ಸಿಕ್ಕರೆ ಕಷ್ಟ.

ಈ ಕಾಗದಗಳಿಗೆ ಕಾನೂನಿನ ಬೆಲೆಯೂ ಇದೆ. ಇಲ್ಲಿ 1974ರಲ್ಲಿ ಅಭಯಾರಣ್ಯ ಬಂತು, 2011ರ ಜನವರಿಯಲ್ಲಿ ಹುಲಿ ಮೀಸಲು. ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷ್ಯವೇ. ದೇವರ ಮರ, ಸ್ಮಶಾನ, ಗೆಣಸು ಅಗೆಯುವ ಜಾಗ, ನೀರಿನ ಜಾಗ ಕೂಡ. ಹಾಗಾಗಿ ಹೇಳಿದವರ ವಯಸ್ಸು, ಪೋಡು, ಕುಲ, ತಾರೀಖು, ಸಹಿ ಅಥವಾ ಹೆಬ್ಬೆಟ್ಟು ಬಿಡುವ ಹಾಗಿಲ್ಲ.

ತುಂಬ ತಲೆ ಕೆಡಿಸಿದ್ದು ತರಗು ಬೆಂಕಿ. ಬೇಸಿಗೆ ಬಲಿಯುವ ಮೊದಲು, ಜನವರಿ–ಫೆಬ್ರವರಿ ಸುಮಾರಿಗೆ, ನೆಲದ ಮೇಲಿನ ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ ಅದು. ತರಗು ಉರಿದು ಆರುತ್ತದೆ, ದೊಡ್ಡ ಮರಕ್ಕೆ ತಗಲುವುದಿಲ್ಲ. ಬೆಂಕಿ ನಿಂತ ಮೇಲೇ ಹೊರದೇಶದಿಂದ ಬಂದ ಲಂಟಾನ ಪೊದೆ ಹಬ್ಬಿತು, ಉಪ್ಪಿಲು ಹೆಚ್ಚಿತು ಅನ್ನೋದು ಹಿರಿಯರ ಮಾತು. ಈಗ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಆಳೆತ್ತರದ ಲಂಟಾನವೇ ಹೊತ್ತಿಕೊಳ್ಳುತ್ತದೆ, ಜ್ವಾಲೆ ಮರದ ಕೊಂಬೆಗೆ ಏರುತ್ತದೆ. ನನಗೂ ಅವರ ಮಾತು ಸರಿ ಅನಿಸುತ್ತದೆ. ಆದರೆ ಲಂಟಾನ ಇಷ್ಟು ಬೆಳೆದಿರುವಾಗ ಹಳೇ ರೀತಿಯಲ್ಲಿ ಕಡ್ಡಿ ಗೀರಲು ಆಗಲ್ಲ, ಮೊದಲು ಅದನ್ನು ಕಿತ್ತು ತೆಗೆಯಬೇಕು. ಇದನ್ನು ಅವರೇ ಹೇಳುತ್ತಾರೆ.

ತೊಡಕು ಏನು ಗೊತ್ತಾ? ಕಾಡಿಗೆ ಬೆಂಕಿ ಹಾಕುವುದು ಅಪರಾಧ. ಹೆಸರು ಸಮೇತ ಬರೆದರೆ ನಾಳೆ ಅದೇ ಕಾಗದ ಅವರ ಮೇಲೆ ಕೇಸಿಗೆ ದಾರಿಯಾಗಬಹುದು. ಬಿಟ್ಟರೆ ಇಡೀ ಪದ್ಧತಿಯ ನಡುಬೆನ್ನೇ ಹೋಗುತ್ತದೆ. ಗ್ರಾಮಸಭೆಯಲ್ಲಿ ತುಂಬ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಹೆಸರಿಲ್ಲದೆ, "ಹಿಂದೆ ನಡೆಯುತ್ತಿದ್ದದ್ದು" ಅಂತ ಬರೆಯಲು ಒಪ್ಪಿದರು. ಯಾವ ತಿಂಗಳು, ಗಾಳಿ ಹೇಗಿರಬೇಕು, ಎಲ್ಲಿ ಹಾಕಬಾರದು, ಎಲ್ಲ ಅದರಲ್ಲಿದೆ.

ಬರೆದದ್ದನ್ನು ಪೋಡಿನಲ್ಲಿ ಜೋರಾಗಿ ಓದಿ ಹೇಳುತ್ತೇನೆ. ತಿದ್ದುತ್ತಾರೆ, ಕೆಲವು ಸಾಲು ಹೊಡೆದುಹಾಕಿಸುತ್ತಾರೆ. ಮೂಲ ಪ್ರತಿ, ರೆಕಾರ್ಡಿಂಗ್ ಎರಡೂ ಗ್ರಾಮಸಭೆಯ ಹತ್ತಿರವೇ ಇರುತ್ತವೆ. ಯಾರಿಗೆ ತೋರಿಸಬೇಕು ಅನ್ನೋದು ಅವರ ತೀರ್ಮಾನ. ನನಗೆ ಬೇಕಾದರೂ ಅರ್ಜಿ ಕೊಟ್ಟೇ ಕೇಳಬೇಕು.